ಬೌರಿಗೆ ಹೋದ ದನಿ

8 ಜನವರಿ 1983, ಶನಿವಾರ

ಬೆಳಿಗ್ಗೆಯಿಂದ ಹಲ್ಲಿನ ಸೆಟ್ಟುಗಳ ಪಾಲಿಶ್. ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಒಣಗಿ ಕೂತಿದೆ, ಎಷ್ಟು ತಿಕ್ಕಿದರೂ ಹೋಗದು.

ಊಟದ ಹೊತ್ತಿಗೆ ಬಾಳಾಸಾಹೇಬ ಡಾಕ್ಟರು ಲ್ಯಾಬಿಗೇ ಬಂದರು. ಸೀಳುತುಟಿಯ ಕೂಸುಗಳ ಆಪರೇಶನ್ ಮಾಡುವವರು ಅವರು. ಆ ಕೂಸುಗಳ ಅಂಗುಳಿನ ತೂತಿಗೆ ಪ್ಲೇಟು ಮಾಡಿಕೊಡುವವಳು ನಾನು. ಇನ್ನೇನೋ ಅರ್ಜೆಂಟ್ ಪ್ಲೇಟು ಇರಬೇಕು ಅಂದುಕೊಂಡೆ.

"ಗಂಗಾ, ಬ್ರೆಜಿಲ್ ಎಲ್ಲೈತಿ ಗೊತ್ತೈತೇನು?"

"ಕಾಫಿ ಬೆಳೀತಾರಲ್ರಿ ಸರ್, ಅಲ್ಲೆ."

ನಕ್ಕರು. ಸ್ಟೂಲು ಎಳೆದು ಕೂತರು. "ಅಲ್ಲೆ ಬೌರು ಅಂತ ಒಂದು ಊರೈತಿ. ಇಂಥಾ ಮಕ್ಕಳಿಗಂತನ ದವಾಖಾನಿ ಕಟ್ಯಾರ. ಅಲ್ಲಿನ ಡಾಕ್ಟರ್ ಹೆಲೆನಾ ಅಂತ, ಮುಂಬೈ ಕಾನ್ಫರೆನ್ಸಿನ್ಯಾಗ ಭೆಟ್ಟಿ ಆಗಿದ್ರು. ನೀ ಮಾಡಿದ ಪ್ಲೇಟು ತೋರಿಸಿದ್ದೆ. ಈಗ ಪತ್ರ ಬಂದೈತಿ — ಆ ಹುಡುಗೀನ ನಾಕು ತಿಂಗಳು ಟ್ರೇನಿಂಗಿಗೆ ಕಳಸ್ರಿ ಅಂತ. ಜೂನ್ ತಿಂಗಳಿಂದ. ಎಲ್ಲಾ ಖರ್ಚು ಅವರದ. ಪ್ಲೇಟು ಅಷ್ಟ ಅಲ್ಲ, ಆಪರೇಶನ್ ಆದ ಮಕ್ಕಳಿಗೆ ಮಾತು ಕಲಸೋದೂ ಹೇಳಿ ಕೊಡ್ತಾರ. ಹೋಗ್ತಿ ಏನು?"

ಮಾತು ಕಲಿಸುವುದು. ನಾನು!

ನಾನೇ ಸೀಳುತುಟಿಯೊಂದಿಗೆ ಹುಟ್ಟಿದವಳು. ತುಟಿ ಹೊಲಿದದ್ದು ಸಾಲಿಗೆ ಹೋಗುವ ವಯಸ್ಸು ದಾಟಿದ ಮೇಲೆ. ಅಂಗುಳಿನ ತೂತು ಹಾಗೇ ಉಳಿಯಿತು. ನಾನೇ ಮಾಡಿಕೊಂಡ ಪ್ಲೇಟು ಹಾಕಿಕೊಳ್ಳುತ್ತೇನೆ, ಆದರೂ 'ಕ' ಅನ್ನಲು ಹೋದರೆ ಗಾಳಿ ಮೂಗಿಗೆ ಏರುತ್ತದೆ. 'ಪ' ಅಂದರೆ 'ಮ' ಆಗುತ್ತದೆ.

"ಸರ್, ನನ್ನ ಮಾತು..."

"ಅದಕ್ಕ ನಿನ್ನ ಕೇಳಾಕತ್ತೇನಿ," ಎಂದು ಎದ್ದು ಹೋದರು.

ಮಧ್ಯಾಹ್ನ ಒಂದು ಸೆಟ್ಟು ಕೈತಪ್ಪಿ ಬಿತ್ತು. ಒಡೆಯಲಿಲ್ಲ.

9 ಜನವರಿ, ರವಿವಾರ

ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಸಿದ್ದಪ್ಪಣ್ಣ ಮಗ್ಗ ನಿಲ್ಲಿಸಿ ಒಳಗೆ ಬಂದ. ವಡಗಾವಿಯ ನಮ್ಮ ಓಣಿಯಲ್ಲಿ ಮಗ್ಗ ನಿಂತರೆ ಏನೋ ಆಗಿದೆ ಅಂತಲೇ ಅರ್ಥ — ಬಾಜು ಮನೆಯವರು ಇಣುಕಿ ನೋಡಿದರು.

ಅಣ್ಣ ಭೂಪಟ ಹುಡುಕಿ ತಂದ, ಅವನ ಮಗನ ಸಾಲಿಯ ಪುಸ್ತಕದ್ದು. ನಮ್ಮ ದೇಶದ ಮೇಲೆ ಒಂದು ಬೆರಳು, ಬ್ರೆಜಿಲ್ ಮೇಲೆ ಒಂದು ಬೆರಳು. ಎರಡು ಬೆರಳಿನ ನಡುವೆ ಪುಸ್ತಕದ ಮಡಿಕೆ.

ಅವ್ವ ನೋಡಲೇ ಇಲ್ಲ. ರೊಟ್ಟಿ ಬಡಿಯುತ್ತಲೇ ಹೇಳಿದಳು: "ಹೋಗಬ್ಯಾಡ ಅನ್ನಂಗಿಲ್ಲ ನಾ. ಅಲ್ಲೆ ನೀ ಏನಂದಿ ಅಂತ ಅವರಿಗೆ ಯಾರು ತಿಳಿಸಿ ಹೇಳ್ತಾರ?"

ಅಂಗಡಿಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ — ನಾನು ಬಾಯಿ ತೆರೆದರೆ ಮಂದಿ ಅವ್ವನ ಕಡೆ ನೋಡುತ್ತಾರೆ. ಅವ್ವ ತಿರುಗಿ ಹೇಳುತ್ತಾಳೆ. ಸಣ್ಣಂದಿನಿಂದ ಹಾಗೇ. ಅವಳಿಲ್ಲದೆ ಮಾತಾಡುವುದು ಲ್ಯಾಬಿನಲ್ಲಿ ಮಾತ್ರ, ಅದೂ ಹಲ್ಲುಗಳ ಜೊತೆ.

ಅಣ್ಣನೇ ಅಂದ: "ಪಾಸ್‌ಪೋರ್ಟಿಗೆ ಅರ್ಜಿ ಹಾಕೂಣು. ಅದು ಬರೋದರಾಗ ವಿಚಾರ ಮಾಡೂಣು."

ಅಣ್ಣ ಯಾವಾಗಲೂ ಹೀಗೇ. ಮೊದಲು ಕೈ, ಆಮೇಲೆ ತಲೆ.

22 ಜನವರಿ, ಶನಿವಾರ. ಖಾನಾಪುರದಿಂದ ಬರುವ ಪ್ಯಾಸೆಂಜರ್‌ನಲ್ಲಿ

ಬೌರಿನಲ್ಲಿ ಇಂಗ್ಲಿಷ್ ಬಲ್ಲವರು ಕಡಿಮೆಯಂತೆ. ಪೋರ್ಚುಗೀಸ್ ಸ್ವಲ್ಪವಾದರೂ ಬೇಕು. ಬೆಳಗಾವಿಯಲ್ಲಿ ಎಲ್ಲಿ ಹುಡುಕುವುದು? ಡಾಕ್ಟರೇ ಪತ್ತೆ ಹಚ್ಚಿದರು — ಖಾನಾಪುರದಲ್ಲಿ ರೊಸಾಲಿನಾಬಾಯಿ. ಪೋರ್ಚುಗೀಸರ ಕಾಲದಲ್ಲಿ ಗೋವಾದ ಮಡಗಾಂವದ ಸಾಲಿಯಲ್ಲಿ ಟೀಚರ್. ಗಂಡ ತೀರಿಹೋದ ಮೇಲೆ ಅವನ ಊರಲ್ಲೇ ಉಳಿದಿದ್ದಾರೆ. ಸ್ಟೇಶನ್ ರಸ್ತೆ, ಹಂಚಿನ ಮನೆ, ಪಡಸಾಲೆಯಲ್ಲಿ ಬೆತ್ತದ ಕುರ್ಚಿ. ಕೊಂಕಣಿ, ಮರಾಠಿ, ಖಾನಾಪುರದ ಕನ್ನಡ — ಮೂರೂ ಒಂದೇ ಉಸಿರಿನಲ್ಲಿ.

"ಯೇ ಪೋರಿ, ಕುಂದರು. ಮೊದಲನೇ ಶಬ್ದ. ನಾಂವ್!"

ಮರಾಠಿಯಲ್ಲಿ ಹೆಸರು ಕೇಳುತ್ತಿದ್ದಾರೆ ಅಂದುಕೊಂಡು "ಗಂಗಾ" ಎಂದೆ.

"ನಿನ್ನ ನಾಂವ್ ಯಾರು ಕೇಳ್ಯಾರ? ನಾಂವ್ ಅಂದರ ಪೋರ್ತುಗೀಜಿನ್ಯಾಗ ಇಲ್ಲ, ನಕೋ. ಅನ್ನು."

ಅಂದೆ. ನನ್ನನ್ನೇ ನೋಡಿದರು. "ಇನ್ನೊಮ್ಮಿ." ಅಂದೆ. "ಇನ್ನೊಮ್ಮಿ." ಇವರಿಗೂ ತಿಳಿಯಲಿಲ್ಲ, ಎದ್ದು ಹೋಗಿಬಿಡಲೇ ಅನಿಸಿತು.

ರೊಸಾಲಿನಾಬಾಯಿ ಕುರ್ಚಿಗೆ ಒರಗಿದರು. "ಸಾಲಿಯೊಳಗ ಈ ಒಂದು ಶಬ್ದಕ್ಕ ನನ್ನ ಜೀವ ಹೋಗಿತ್ತು ಗ. ಮೂಗಿನ್ಯಾಗ ಅನ್ನೋ, ಮೂಗಿನ್ಯಾಗ ಅನ್ನೋ ಅಂತ ಪೋರಗೋಳ ಮೂಗು ಹಿಡದು ಕಲಿಸೇನಿ. ನಿನಗ ಮೊದಲನೇ ಸಲಕ್ಕ ಬಂತಲ್ಲ!"

"ಅದು ನನ್ನ ದೋಷ, ಬಾಯಿ."

"ದೋಷ ಅಲ್ಲ. ಈ ಭಾಷಾದಾಗ ಅದಕ್ಕ ಉಚ್ಚಾರ ಅಂತಾರ."

ಆಮೇಲೆ ಬಿಡಲಿಲ್ಲ. 'ಪ'ದಿಂದ ಶುರುವಾಗುವ ಶಬ್ದಗಳನ್ನೇ ಹುಡುಕಿ ಹುಡುಕಿ ಹೇಳಿಸಿದರು. ಒಂದೂ ಸರಿ ಬರಲಿಲ್ಲ. ಬಯ್ದರು. ಯಾರಾದರೂ ನನ್ನ ಉಚ್ಚಾರಕ್ಕೆ ಬಯ್ದದ್ದು ಇದೇ ಮೊದಲು. ಇಲ್ಲಿಯವರೆಗೆ ಎಲ್ಲರೂ ಅಯ್ಯೋ ಪಾಪ ಅಂದವರೇ.

ಕಿಟಕಿಯಾಚೆ ದೇಸೂರು ಹೋಯಿತು. ಬಾಯಿಯಲ್ಲೇ ಅಂದುಕೊಂಡೆ — ನಾಂವ್, ನಾಂವ್, ನಾಂವ್. ಎದುರಿಗೆ ಕೂತ ಅಜ್ಜ ಆಕಡೆ ಸರಿದ.

5 ಫೆಬ್ರವರಿ, ಶನಿವಾರ

ಖಾನಾಪುರಕ್ಕೆ ಹೋಗುತ್ತೇನೆಂದು ಡಾಕ್ಟರಿಗೆ ಅನುಕೂಲವಾಯಿತು. ಆ ಕಡೆಯ ಒಂದು ಕೂಸಿನ ಪ್ಲೇಟು ಕೊಟ್ಟು ಕಳಿಸಿದರು. ತಂದೆ ಬೀರಣ್ಣ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಅವರಪ್ಪನ ಕಾಲದವರೆಗೆ ಕುರಿ ಕಾಯ್ದವರು. ತಾಯಿ ಸಾವಂತ್ರವ್ವ, ಇನ್ನೂ ಹುಡುಗಿ. ಕೂಸಿಗೆ ಅಜ್ಜಿಯ ಹೆಸರು — ಅಕ್ಕವ್ವ. ಹೆಸರೇ ಕೂಸಿಗಿಂತ ದೊಡ್ಡದು.

ರೊಸಾಲಿನಾಬಾಯಿಯ ಪಡಸಾಲೆಯಲ್ಲೇ ದವಾಖಾನೆ. ಪ್ಲೇಟಿನ ಅಂಚು ಸ್ವಲ್ಪ ಉಜ್ಜಿ, ನಯ ಮಾಡಿ, ಅಂಗುಳಿಗೆ ಕೂಡಿಸಿದೆ. ಸಾವಂತ್ರವ್ವ ಒಳಲೆಯಿಂದ ಹಾಲು ಹಾಕಿದಳು. ಮೂಗಿನಿಂದ ಬರಲಿಲ್ಲ! ಕೂಸಿಗೇ ಆಶ್ಚರ್ಯ, ಕಣ್ಣು ಬಿಟ್ಟು ನೋಡಿತು. ಮತ್ತೆ ಬಾಯಿ ತೆರೆಯಿತು. ಬೀರಣ್ಣ ಹೊರಗೆ ಹೋಗಿ ನಿಂತ, ಬೆನ್ನು ಮಾಡಿ.

ಸಾವಂತ್ರವ್ವ ಕೇಳಿದಳು: "ಮುಂದ ಇಕಿ ಮಾತಾಡ್ತಾಳೇನ್ರಿ?"

"ನನ್ನಂಗ ಮಾತಾಡ್ತಾಳ," ಎಂದೆ.

ತಿಳಿಯಲಿಲ್ಲ ಅವಳಿಗೆ. ರೊಸಾಲಿನಾಬಾಯಿಯ ಕಡೆ ನೋಡಿದಳು. ಬಾಯಿ ಪರದೆ ಸರಿಮಾಡುತ್ತಾ ನಿಂತುಬಿಟ್ಟರು, ಕೇಳಿಸದವರ ಹಾಗೆ. ಬೇಕೆಂದೇ! ನಾನೇ ಇನ್ನೊಮ್ಮೆ ಹೇಳಿದೆ, ನಿಧಾನವಾಗಿ, ಪ್ಲೇಟು ನಾಲಗೆಯಿಂದ ಮೇಲೆ ಒತ್ತಿ ಹಿಡಿದು.

"ನಿಮ್ಮಂಗ ಮಾತಾಡಿ, ನಿಮ್ಮಂಗ ನೌಕರಿಗೆ ಹೋದ್ರ ಸಾಕ್ರಿ ಯವ್ವಾ," ಎಂದಳು ಸಾವಂತ್ರವ್ವ.

ಇನ್ನು ಮೇಲೆ ಶನಿವಾರ ಪಾಠವೂ ಇಲ್ಲೇ, ಅಕ್ಕವ್ವನೂ ಇಲ್ಲೇ. ಕೂಸು ಬೆಳೆದ ಹಾಗೆ ಪ್ಲೇಟು ಬಿಗಿಯಾಗುತ್ತದೆ, ನೋಡುತ್ತಿರಬೇಕು. ಮಳೆಗಾಲ ಹಿಡಿಯುವ ಹೊತ್ತಿಗೆ ತೂಕ ಏರಿದ್ದರೆ ತುಟಿಯ ಆಪರೇಶನ್.

19 ಫೆಬ್ರವರಿ, ಶನಿವಾರ

ಅರ್ಧ ಪೋರ್ಚುಗೀಸ್ ನಮ್ಮ ಮನೆಯಲ್ಲೇ ಇದೆಯಂತೆ! ಚಾವಿ ಅನ್ನುವ ಶಬ್ದ ಅವರದು. ಮೇಜು ಅವರದು. ಪಗಾರ, ಬಟಾಟಿ, ಪಾವು — ಎಲ್ಲ ಅವರಿಂದ ಬಂದದ್ದು. ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದೆ.

"ಬಟಾಟಿಗೆ ಬಟಾಟಿನ ಅಂತಾರಾ?"

"ಬಟಾಟಾ ಅಂತಾರ."

"ಮತ್ತ ಅಷ್ಟು ದೂರ ಹೋಗಿ ಏನು ಕಲೀತಿ?" ಎಂದಳು. ನಗುತ್ತಿದ್ದಳೋ ಏನೋ, ಚಿಮಣಿ ಆಕೆಯ ಹಿಂದಿತ್ತು. ಲೈಟು ಹೋಗಿತ್ತು.

ಆಮೇಲೆ ಅನ್ನಕ್ಕೆ ಏನಂತಾರೆ, ನೀರಿಗೆ ಏನಂತಾರೆ ಅಂತ ಒಂದೊಂದೇ ಕೇಳಿದಳು. ದಿನಾ ಅನ್ನ, ಅಲಸಂದಿಯಂಥ ಕಾಳಿನ ಸಾರು ಉಣ್ಣುತ್ತಾರೆ ಅಂತ ಹೇಳಿದೆ. ಸಮಾಧಾನ. ಕಾಳಿನಲ್ಲಿ ಮಾಂಸ ಹಾಕಿರುತ್ತಾರೆ, ಕೇಳಿ ಉಣ್ಣಬೇಕು ಎಂದು ಬಾಯಿ ಹೇಳಿದ್ದನ್ನು ಹೇಳಲಿಲ್ಲ. 'ಸೇಂ ಕಾರ್ನಿ' — ಮಾಂಸ ಬೇಡ. ಇದೊಂದು ಮಾತು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು.

24 ಫೆಬ್ರವರಿ, ಗುರುವಾರ

ಪಾಸ್‌ಪೋರ್ಟಿನ ಪೊಲೀಸ್ ಚೌಕಶಿ. ಅವ್ವನಿಗೆ ನಡುಕ — ಓಣಿಯ ಮಂದಿ ಏನಂದುಕೊಂಡಾರು ಅಂತ. ಕಾನ್‌ಸ್ಟೇಬಲ್‌ಗೆ ಚಹಾ, ಮೇಲೆ ಚೂಡಾ.

"ಯಾವ ಊರಿಗೆ ಹೊಂಟೀರಿ ಅಕ್ಕಾರ?"

"ಬ್ರೆಜಿಲ್."

"ಬಿಜಾಪುರಕ್ಕ ಪಾಸ್‌ಪೋರ್ಟ್ ಯಾಕ್ರಿ?"

ಅಣ್ಣನಿಗೆ ನಗು ತಡೆಯಲಾಗಲಿಲ್ಲ. ನನಗೂ. ಅವ್ವ ಬಾಯಿ ತೆರೆದಳು, ಎಂದಿನಂತೆ ತಿರುಗಿ ಹೇಳಲು — ಹೇಳಲಾಗಲಿಲ್ಲ. ಆಕೆಗೂ ಆ ಹೆಸರು ಬರುವುದಿಲ್ಲ! ಕೊನೆಗೆ ನಾನೇ ಭೂಪಟ ತಂದು ತೋರಿಸಿದೆ. ಕಾನ್‌ಸ್ಟೇಬಲ್ ಟೋಪಿ ತೆಗೆದು ನೋಡಿದ. "ಅಬಾಬಾ."

ಗುರುತಿನ ಕಲೆ ಎಂಬಲ್ಲಿ ಬಂದು ಪೆನ್ನು ನಿಂತಿತು. ನನ್ನ ಮುಖ ನೋಡಿದ, ಕೆಳಗೆ ನೋಡಿದ. ಸಭ್ಯ ಮನುಷ್ಯ. ನಾನೇ ಬೆರಳಿಟ್ಟು ತೋರಿಸಿದೆ. "ಮ್ಯಾಲಿನ ತುಟಿ ಮ್ಯಾಲ ಹೊಲಿಗಿ ಗುರುತು. ಬರೀರಿ."

ಒಮ್ಮೆಗೇ ತಿಳಿಯಿತು ಅವನಿಗೆ. ಬರೆದುಕೊಂಡ.

5 ಮಾರ್ಚ್, ಶನಿವಾರ

ಬೌರಿನಿಂದ ಡಾಕ್ಟರಿಗೆ ಪತ್ರ. ಎಲ್ಲ ಸರಿ, ಆದರೆ ಒಂದು ಕೇಳಿದ್ದಾರೆ — ಗಂಗಾದೇವಿಯ, ಅಂದರೆ ನನ್ನ, ಮಾತಿನ ಕ್ಯಾಸೆಟ್ ಕಳಿಸಿ. ಯಾವ ಭಾಷೆಯಾದರೂ ಸರಿ. ಕೇಳಿ ನೋಡಿ, ಮಾತು ಕಲಿಸುವ ವಿಭಾಗಕ್ಕೆ ಹಾಕಬಹುದೋ ಬರೀ ಲ್ಯಾಬಿಗೋ ಎಂದು ತೀರ್ಮಾನಿಸುತ್ತಾರೆ.

ರೊಸಾಲಿನಾಬಾಯಿ ಪಾಠ ಬರೆಸಿದರು. 'ಮೆವು ನೋಮಿ ಎ ಗಂಗಾ.' ನನ್ನ ಹೆಸರು ಗಂಗಾ. ಊರು ಬೆಳಗಾವಿ. ಅವ್ವ, ಅಣ್ಣ ಇದ್ದಾರೆ. ಮಕ್ಕಳ ಬಾಯಿಗೆ ಪ್ಲೇಟು ಮಾಡುತ್ತೇನೆ.

ಅಕ್ಕವ್ವ ಚೆನ್ನಾಗಿದ್ದಾಳೆ. ಗಲ್ಲ ತುಂಬಿದೆ.

13 ಮಾರ್ಚ್, ರವಿವಾರ

ಅಣ್ಣನ ಗೆಳೆಯ ನಾಗಲಿಂಗ ಟೇಪ್‌ರೆಕಾರ್ಡರ್ ತಂದುಕೊಟ್ಟ. ಒಳಕೋಣೆಯಲ್ಲಿ ಒಬ್ಬಳೇ ಕೂತು ಹೇಳಿದೆ. ತಿರುಗಿಸಿ ಹಾಕಿ ಕೇಳಿದೆ.

ಇಷ್ಟು ವರ್ಷ ಹೀಗೆ ಕೇಳಿಸುತ್ತಿತ್ತೇ? ಎಲ್ಲರಿಗೂ?

ನನ್ನ ಕಿವಿಗೆ ನಾನು ಹೀಗಿಲ್ಲ. ಒಳಗಿನಿಂದ ಕೇಳಿದರೆ ಇಷ್ಟಿಲ್ಲ...

ಕ್ಯಾಸೆಟ್ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಹಾಕಿದೆ.

14 ಮಾರ್ಚ್

ಡಾಕ್ಟರಿಗೆ ಹೇಳಿದೆ — ಆಗೂದಿಲ್ಲ ಸರ್, ಬ್ಯಾರೆ ಯಾರನರ ಕಳಸ್ರಿ. ಅವರು ಕನ್ನಡಕ ಒರೆಸಿಕೊಂಡರು.

27 ಮಾರ್ಚ್, ರವಿವಾರ

ಎರಡು ಶನಿವಾರ ಖಾನಾಪುರಕ್ಕೆ ಹೋಗಲಿಲ್ಲ. ಈ ಪುಸ್ತಕ ತೆರೆಯಲೂ ಇಲ್ಲ.

ಇವತ್ತು ಮಧ್ಯಾಹ್ನ ಓಣಿಯ ತುದಿಯಲ್ಲಿ ಕೊಡೆ ಕಂಡಿತು. ರೊಸಾಲಿನಾಬಾಯಿ! ಬೆಳಿಗ್ಗೆ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಹಾಗೇ ರೈಲು ಹತ್ತಿದ್ದಾರೆ, ಗರಿಗಳ ಹಬ್ಬದ ತಾಳೆಗರಿ ಇನ್ನೂ ಕೈಯಲ್ಲೇ. ಸಂದಿ ಸಂದಿ ತಿರುಗಿ ಮನೆ ಹುಡುಕಿ ಬಂದಿದ್ದಾರೆ, ಈ ವಯಸ್ಸಿನಲ್ಲಿ. ಅವ್ವ ಗಡಬಡಿಸಿ ಚಾಪೆ ಹಾಸಿದಳು.

ನೀರು ಕುಡಿದವರೇ ಶುರು. "ಎರಡು ವಾರ ಸಾವಂತ್ರವ್ವ ಕೂಸು ಕಟ್ಟಿಗೊಂಡು ನಡದು ಬಂದಾಳ. ನನ್ನ ಪಡಸಾಲಿಯೊಳಗ ಸಂಜೀತನಾ ಕುಂತು ಹೋಗ್ಯಾಳ. ಪ್ಲೇಟು ಬಿಗಿಯಾಗಿ ಹುಣ್ಣ ಆಗೇತಿ. ಕೂಸು ಮತ್ತ ಹಾಲು ಬಿಟ್ಟೈತಿ. ನೀ ಎಲ್ಲಿದ್ದಿ?"

ಅಕ್ಕವ್ವನ ನೆನಪೇ... ಇತ್ತು. ಹೋಗಲಿಲ್ಲ, ಅಷ್ಟೆ. ನಾನು ಹೋಗದಿದ್ದರೆ ಅಲ್ಲಿ ಬೇರೆ ಯಾರೂ ಇಲ್ಲ ಎಂದು ಗೊತ್ತಿದ್ದೂ.

"ನಾಳೆನ ರಜಾ ತಗೊಂಡು ಬರ್ತೀನಿ, ಬಾಯಿ."

"ಬರಬೇಕು. ಈಗ ಕ್ಯಾಸೆಟ್ ತಗಿ."

ತೆಗೆದೆ. ಹಾಕಿದರು. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ನಾನು ಗೋಡೆ ನೋಡುತ್ತಾ ನಿಂತಿದ್ದೆ.

"ಎಲ್ಲಾ ತಿಳೀತು," ಎಂದರು. "ಖರೇ ಹೇಳಬೇಕಂದರ ಎರಡು ಜಾಗಾದಾಗ ವ್ಯಾಕರಣ ಚುಕ್ಯೇತಿ. ಆದರ ಮಗ್ಗದ ಗದ್ದಲ! ಖಟ್ ಖಟ್, ಖಟ್ ಖಟ್. ಆ ದೇಶದ ಮಂದಿ ನಿನ್ನ ಮಾತು ಕೇಳ್ತಾರೋ ಮಗ್ಗದ್ದು ಕೇಳ್ತಾರೋ?"

ಅಣ್ಣ ಬಾಗಿಲಲ್ಲೇ ನಿಂತಿದ್ದ. ಚಪ್ಪಲಿ ಮೆಟ್ಟಿ ಹೊರಗೆ ಹೋದ. ನಮ್ಮ ಓಣಿಗೆ ರವಿವಾರ ರಜೆ ಇಲ್ಲ. ಅಮಾವಾಸ್ಯೆಗೊಮ್ಮೆ ಮಾತ್ರ ಮಗ್ಗ ನಿಲ್ಲುವುದು. ಮೊದಲು ನಮ್ಮದು ನಿಂತಿತು. ಆಮೇಲೆ ಬಾಜು ಮನೆಯದು. ಆಮೇಲೆ ಎದುರಿನದು. ಒಂದೊಂದೇ, ಒಂದೊಂದೇ... ಕೊನೆಗೆ ಓಣಿಯ ಬಾವಿಯ ಹತ್ತಿರ ಒಂದು ಮಗ್ಗ ಉಳಿದಿತ್ತು. ಅದೂ ನಿಂತಿತು. ಯಾರದೋ ಮನೆಯಲ್ಲಿ ಪಾತ್ರೆ ಇಟ್ಟದ್ದು ಕೇಳಿಸಿತು. ಗಿಳಿ ಕೂಗಿದ್ದು ಕೇಳಿಸಿತು.

ಅಣ್ಣ ಬಂದು "ಹೂಂ, ಮಾತಾಡು. ಎಲ್ಲಾರೂ ಕಾಯಾಕತ್ತಾರ," ಎಂದ.

ಹೊಸದಾಗಿ ಮಾತಾಡಿದೆ. ಬರೆದದ್ದಷ್ಟೇ ಅಲ್ಲ — 'ಸೇಂ ಕಾರ್ನಿ' ಎಂದೂ, ಅಕ್ಕವ್ವನ ಬಗ್ಗೆಯೂ. ಪೋರ್ಚುಗೀಸ್ ಸಾಲದಾದಾಗ ಕನ್ನಡದಲ್ಲೇ. ಕೂಸಿಗೆ ಹುಣ್ಣಾಗಿದೆ, ನಾಳೆ ಹೋಗಬೇಕು, ಅಲ್ಲಿಗೆ ಬಂದರೆ ಇಂಥಾ ಕೂಸುಗಳಿಗೆ ಮುಂದೆ ಮಾತು ಹೇಗೆ ಕಲಿಸಬೇಕು ಅಂತ ಕಲಿಯುವುದಿದೆ. 'ಕಲಿ' ಅನ್ನುವಾಗ 'ಕ' ಮೂಗಿಗೆ ಹೋಯಿತು. ಹೋಗಲಿ.

ಈ ಸಲ ತಿರುಗಿಸಿ ಕೇಳಲಿಲ್ಲ. ಬಾಯಿಯೇ ಲಕೋಟೆಗೆ ಹಾಕಿ ಅಂಟಿಸಿದರು.

28 ಮಾರ್ಚ್

ಖಾನಾಪುರ. ಪ್ಲೇಟು ಉಜ್ಜಿ ಸಡಿಲ ಮಾಡಿದೆ. ಹೊಸದಕ್ಕೆ ಅಚ್ಚು ತೆಗೆದುಕೊಂಡೆ. ಸಾವಂತ್ರವ್ವ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಕ್ಯಾಸೆಟ್ ರಜಿಸ್ಟರ್ಡ್ ಹೋಯಿತು. ಪೋಸ್ಟಿನವನು 'ಬ್ರೆಜಿಲ್' ಎರಡು ಸಲ ಓದಿ ನನ್ನನ್ನು ನೋಡಿದ.

16 ಏಪ್ರಿಲ್, ಶನಿವಾರ

ಅಕ್ಕವ್ವ ಮತ್ತೆ ಕುಡಿಯುತ್ತಿದ್ದಾಳೆ. ಹೊಸ ಪ್ಲೇಟು ಸರಿ ಕೂತಿದೆ. ಬೌರಿನಿಂದ ಏನೂ ಇಲ್ಲ.

3 ಮೇ, ಮಂಗಳವಾರ

ಪಾಸ್‌ಪೋರ್ಟ್ ಬಂತು. ಫೋಟೋದಲ್ಲಿ ಸಿಟ್ಟಿನವಳ ಹಾಗೆ ಇದ್ದೇನೆ. ಅವ್ವ ಅದನ್ನು ದೇವರ ಜಗಲಿಯ ಮೇಲೆ ಇಟ್ಟು ವಿಭೂತಿ ಹಚ್ಚಿದಳು. ಅಣ್ಣ ಒರೆಸಿದ — ಸರ್ಕಾರದ್ದು, ಕಲೆ ಆಗಬಾರದು ಅಂತ.

ಬೌರಿನಿಂದ ಇನ್ನೂ ಇಲ್ಲ. ಡಾಕ್ಟರನ್ನು ಕೇಳುವುದು ಬಿಟ್ಟಿದ್ದೇನೆ. ಅವರೇ ದಿನಾ ಲ್ಯಾಬಿನ ಬಾಗಿಲಿಗೆ ಬಂದು ತಲೆ ಅಲ್ಲಾಡಿಸಿ ಹೋಗುತ್ತಾರೆ.

14 ಮೇ, ಶನಿವಾರ. ರಾತ್ರಿ

ಬಂತು. ಪತ್ರವಲ್ಲ, ಕ್ಯಾಸೆಟ್!

ಡಾಕ್ಟರು ಆಸ್ಪತ್ರೆಯಲ್ಲಿ ಕೇಳಿ, "ಮನಿಗೆ ಒಯ್ದು ಅವ್ವಗ ಕೇಳಸು," ಎಂದು ಕೊಟ್ಟರು. ಮತ್ತೆ ನಾಗಲಿಂಗನ ಟೇಪ್‌ರೆಕಾರ್ಡರ್. ಮೊದಲು ಹೆಲೆನಾ ಡಾಕ್ಟರ್, ಇಂಗ್ಲಿಷಿನಲ್ಲಿ: ಬನ್ನಿ, ಎರಡೂ ವಿಭಾಗಕ್ಕೆ ತೆಗೆದುಕೊಂಡಿದ್ದೇವೆ. ಆಮೇಲೆ ಒಂದು ಹೆಣ್ಣಿನ ದನಿ, ಪೋರ್ಚುಗೀಸಿನಲ್ಲಿ. ಮಾರ್ಲಿ ಅಂತ. ಅಲ್ಲಿ ಮಕ್ಕಳಿಗೆ ಮಾತು ಕಲಿಸುವವಳು. ಸಾವೊ ಪಾವ್ಲು ಊರಿಗೆ ತಾನೇ ಬಂದು ಕರೆದುಕೊಂಡು ಹೋಗುತ್ತಾಳಂತೆ. ಸ್ವೆಟರ್ ತರಬೇಕಂತೆ. ಅವಳ ಮನೆಯಲ್ಲೇ ಇರಬಹುದಂತೆ, ಅವಳ ಅವ್ವ ಮಾಂಸ ಹಾಕದೆ ಕಾಳು ಬೇಯಿಸಿಕೊಡುತ್ತಾಳಂತೆ.

ಅರ್ಧ ತಿಳಿಯಿತು, ಅರ್ಧ ಊಹೆ. ಅವ್ವನಿಗೆ ಒಂದು ಶಬ್ದವೂ ತಿಳಿಯುವ ಹಾಗಿಲ್ಲ. ಆದರೆ ಕೈಯಲ್ಲಿದ್ದ ಮೆಂತ್ಯದ ಸೊಪ್ಪು ಬಿಟ್ಟು ಎದ್ದು ಬಂದಳು.

"ಇನ್ನೊಮ್ಮಿ ಹಾಕು."

ಹಾಕಿದೆ. ಟೇಪ್‌ರೆಕಾರ್ಡರ್ ಹತ್ತಿರ ಕಿವಿ ಇಟ್ಟಳು.

"ಇಕಿ ನಿನ್ನಂಗ ಮಾತಾಡ್ತಾಳಲ್ಲ!"

"ಹೌದವ್ವ. ಇಕಿ ತುಟೀನೂ ಹುಟ್ಟಿದಾಗ ನನ್ನಂಗ ಇತ್ತಂತ."

ಅವ್ವ ಕೂತುಬಿಟ್ಟಳು. ಕೂತಲ್ಲಿಂದಲೇ ಕೇಳಿದಳು: "ಅವರ ದೇಶದಾಗೂ ಗ್ರಹಣ ಹಿಡೀತದೇನು?"

"ಎಲ್ಲಾ ಕಡೆ ಹಿಡೀತದ. ಯಾಕ?"

"ನೀ ಹೊಟ್ಟ್ಯಾಗ ಇದ್ದಿ. ಅವತ್ತ ಸಂಜೀಮುಂದ ಗ್ರಹಣ. ಒಳಗ ಕುಂದರು, ಏನೂ ಮುಟ್ಟಬ್ಯಾಡ ಅಂತ ನಿಮ್ಮಜ್ಜಿ ಹೇಳಿದ್ಲು. ನಿಮ್ಮಪ್ಪ ಹಸದು ಬರ್ತಾನ ಅಂತ ನಾ ಬದನಿಕಾಯಿ ಹೆಚ್ಚಿದೆ. ಈಳಗಿ ಹಿಡದು. ಯಾರಿಗೂ ಹೇಳಿಲ್ಲ. ನಿಮ್ಮಪ್ಪಗೂ ಹೇಳಿಲ್ಲ."

ಅಣ್ಣ ನನ್ನನ್ನು ನೋಡಿದ. ನಾನು ಅಣ್ಣನನ್ನು ನೋಡಿದೆ. ಇಪ್ಪತ್ತೆಂಟು ವರ್ಷ ನನ್ನ ಬದಲು ಮಾತಾಡಿದ ಬಾಯಿ. ಇದೊಂದು ಮಾತು ಒಳಗೇ ಇಟ್ಟುಕೊಂಡಿತ್ತು.

"ಅವ್ವಾ, ಅದರಿಂದ ಆಗೂದಿಲ್ಲ. ಡಾಕ್ಟರನ್ನ ಕೇಳು ಬೇಕಾದ್ರ."

"ಡಾಕ್ಟರ್ ಏನರ ಅನ್ನಲಿ." ಟೇಪ್‌ರೆಕಾರ್ಡರ್ ಕಡೆ ನೋಡಿದಳು. "ಆ ದವಾಖಾನ್ಯಾಗ ಎಷ್ಟ ಮಕ್ಕಳು ಇರ್ತಾವು?"

"ಸಾವಿರಗಟ್ಲೆ ಬರ್ತಾವಂತ. ಇಡೀ ದೇಶದಿಂದ."

"ಸಾವಿರ!" ಲೆಕ್ಕ ಹಾಕುವವಳ ಹಾಗೆ ಬೆರಳು ಆಡಿಸಿದಳು. "ಅಷ್ಟೂ ಮಂದಿ ಅವ್ವಗೋಳು ಗ್ರಹಣದಾಗ ಬದನಿಕಾಯಿ ಹೆಚ್ಚಿದ್ರೇನು?"

"ಅಲ್ಲೆ ಬದನಿಕಾಯಿ ನಮ್ಮಷ್ಟು ತಿನ್ನಂಗಿಲ್ಲಂತವ್ವ," ಎಂದೆ. ಯಾಕೆ ಹಾಗಂದೆನೋ.

ಅವ್ವ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ನಗುತ್ತಾ ನಗುತ್ತಾ ಸೆರಗು ಮುಖಕ್ಕೆ ತಂದುಕೊಂಡಳು. ಭುಜ ಅಲ್ಲಾಡುತ್ತಲೇ ಇತ್ತು. ಅಣ್ಣ ಹೋಗಿ ಪಕ್ಕದಲ್ಲಿ ಕೂತ.

ಮಲಗುವ ಮುಂಚೆ ಬಂದು ಕೇಳಿದಳು — ಮಾರ್ಲಿಯ ಅವ್ವನ ಹೆಸರೇನು ಅಂತ. ಗೊತ್ತಿಲ್ಲ ಎಂದೆ. ಕೇಳಬೇಕಿತ್ತು ಎಂದಳು.

22 ಮೇ, ರವಿವಾರ

ತಯಾರಿ. ಬಾಯಿ, ಡಾಕ್ಟರು, ಅಣ್ಣ — ಮೂವರದೂ ಮೂರು ದಾರಿ, ನನ್ನ ತಲೆ ಒಂದೇ.

ಮುಂಬೈನಿಂದ ಲಂಡನ್, ಲಂಡನ್‌ನಿಂದ ರಿಯೋ, ರಿಯೋದಿಂದ ಸಾವೊ ಪಾವ್ಲು. ಅಲ್ಲಿಂದ ಬಸ್, ಬೆಳಗಾವಿಯಿಂದ ಪುಣೆಗೆ ಹೋದಷ್ಟು ದೂರ. ಬೌರು ನಮ್ಮ ಹುಬ್ಬಳ್ಳಿಯ ಹಾಗೆ ರೈಲಿನ ಜಂಕ್ಷನ್ ಊರು, ಸುತ್ತ ಕೆಂಪು ಮಣ್ಣು. ಇಲ್ಲಿ ಮಳೆಗಾಲವಾದರೆ ಅಲ್ಲಿ ಚಳಿಗಾಲ — ಬೆಳಗಾವಿಯ ಡಿಸೆಂಬರ್‌ನಷ್ಟು. ಇಲ್ಲಿ ಬೆಳಗಾದರೆ ಅಲ್ಲಿ ನಡುರಾತ್ರಿ. ಅವ್ವ: "ಹಂಗಾರ ನೀ ಉಣ್ಣೋ ಹೊತ್ತಿಗೆ ನಾ ಮಕ್ಕೊಂಡಿರ್ತೀನಿ. ನೆನಸೋದು ಯಾವಾಗ?"

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಒಡೆಯದ ಡಬ್ಬಿ ಅಣ್ಣ ತರುತ್ತಾನೆ. ಪ್ಲೇಟು ಮಾಡುವ ಅಕ್ರಿಲಿಕ್ ಪುಡಿ, ನನ್ನದೇ ಒಂದು ಹೆಚ್ಚಿನ ಪ್ಲೇಟು. ದಾರಿಯಲ್ಲಿ ಒಡೆದರೆ ಮೂಕಿಯಾಗಬೇಕಾದೀತು. ಲಿಂಗಕ್ಕೆ ಬೆಳ್ಳಿಯ ಕರಡಿಗೆ ಬೇಡ, ವಿಮಾನದವರು ಬಿಚ್ಚಿ ತೋರಿಸು ಅಂದಾರು ಎಂದು ಅವ್ವ ಹೊಸ ಬಿಳಿ ವಸ್ತ್ರ ಹೊಲಿದಿದ್ದಾಳೆ.

2 ಜೂನ್, ಗುರುವಾರ

ಮುಂಬೈಗೆ ಹೋಗಿ ಬಂದೆವು, ಅಣ್ಣ ನಾನು. ವೀಸಾ ಆಯಿತು. ಹಳದಿ ಜ್ವರದ ಸೂಜಿ ಆಯಿತು — ಹೋಗುವುದಕ್ಕಲ್ಲ, ತಿರುಗಿ ಬರುವುದಕ್ಕೆ. ಆ ಕಾರ್ಡು ಇಲ್ಲದಿದ್ದರೆ ನಮ್ಮವರೇ ಮುಂಬೈಯಲ್ಲಿ ಹಿಡಿದಿಡುತ್ತಾರಂತೆ.

ವೀಸಾ ಕಚೇರಿಯಲ್ಲಿ ಗಾಜಿನ ಹಿಂದೆ ಅವರ ದೇಶದ ಹೆಣ್ಣುಮಗಳು. ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಗಡಿಬಿಡಿಯಲ್ಲಿ ಪೋರ್ಚುಗೀಸ್ ಬಂತು ಬಾಯಿಗೆ. ಅವಳು ಪೆನ್ನು ಕೆಳಗಿಟ್ಟಳು. ನಕ್ಕು, ಪಟಪಟನೆ ಮಾತಾಡಲು ಶುರುಮಾಡಿದಳು — ನಾನು ಅಲ್ಲಿಯವಳೇ ಎಂಬ ಹಾಗೆ! ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. "ನಾಂವ್, ನಾಂವ್" ಎಂದೆ.

ಅಣ್ಣ ಹೊರಗೆ ಬಂದು ಕೇಳಿದ: "ಏನಂದ್ಲು?" "ಗೊತ್ತಿಲ್ಲ. ಭಾಳ ಖುಷಿಯಿಂದ ಅಂದ್ಲು."

9 ಜೂನ್, ಗುರುವಾರ

ಅಕ್ಕವ್ವನ ತುಟಿಯ ಆಪರೇಶನ್. ಡಾಕ್ಟರು ನನ್ನನ್ನೂ ಒಳಗೆ ಕರೆದರು. ಬೆಳಕಿನ ಕೆಳಗೆ ಅಷ್ಟು ಸಣ್ಣ ಮುಖ. ಎರಡು ಅಂಚು ಕೂಡಿದಾಗ — ನೋಡುತ್ತಿದ್ದಂತೆ ಅದು ಬಾಯಿಯಾಯಿತು.

ಸಾವಂತ್ರವ್ವನಿಗೆ ಗುರುತೇ ಸಿಗಲಿಲ್ಲ. "ನನ್ನದ ಹೌದಲ್ರಿ?" ಎಂದು ಕೇಳಿದಳು. ಆಮೇಲೆ ಕೂಸು ಅತ್ತಿತು, ಆ ದನಿ ಕೇಳಿ ತಟ್ಟನೆ ಎತ್ತಿಕೊಂಡಳು.

ಅಂಗುಳಿನ ಆಪರೇಶನ್ ಬರುವ ವರ್ಷ. ಆಮೇಲೆ ಮಾತು. ಅಷ್ಟರಲ್ಲಿ ನಾನು ಬಂದಿರುತ್ತೇನೆ. ಬೀರಣ್ಣನಿಗೆ ಹಾಗೇ ಹೇಳಿದೆ. "ಮಳಿ ಸುರು ಆಗೇತ್ರಿ, ಜ್ವಾಕಿ ಹೋಗಿ ಬರ್ರಿ," ಎಂದ, ಪಕ್ಕದ ಲೋಂಡಾಕ್ಕೆ ಹೊರಟವಳಿಗೆ ಹೇಳಿದ ಹಾಗೆ.

18 ಜೂನ್, ಶನಿವಾರ

ಕೊನೆಯ ಪಾಠ. ರೊಸಾಲಿನಾಬಾಯಿ ಪಾಠ ಮಾಡಲಿಲ್ಲ. ಚಹಾ ಮಾಡಿದರು, ಮಳೆ ನೋಡುತ್ತಾ ಕೂತೆವು. ಬರುವಾಗ ಮಾತ್ರ: "'ಪ' ಇನ್ನೂ ಬಂದಿಲ್ಲ ನಿನಗ. ಅಲ್ಲೆ ಕಲಿ. ಬಂದು ನನಗ ಅಂದು ತೋರಸು." ಕೆನ್ನೆ ಹಿಂಡಿದರು, ನೋವಾಗುವಷ್ಟು.

20 ಜೂನ್, ಸೋಮವಾರ. ಮುಂಬೈ ದಾರಿಯ ಮೀರಜ್ ಗಾಡಿಯಲ್ಲಿ

ಬೆಳಗಾವಿ ಸ್ಟೇಶನ್ನಿಗೆ ಓಣಿಯ ಅರ್ಧ ಮಂದಿ. ನಾಗಲಿಂಗ, ಡಾಕ್ಟರು. ಅವ್ವ ಅಳಲಿಲ್ಲ. ಕಿಟಕಿಯ ಸರಳಿನೊಳಗಿಂದ ಕೈ ಹಾಕಿ ನನ್ನ ಸ್ವೆಟರಿನ ಗುಂಡಿ ಹಾಕುತ್ತಿದ್ದಳು, ಜೂನ್ ತಿಂಗಳ ಸೆಕೆಯಲ್ಲಿ.

"ಆ ಹುಡುಗಿ ಅವ್ವಗ ನಾ ಕೇಳೇನಂತ ಹೇಳು."

"ಹೇಳ್ತೀನಿ."

"ಅವರ ಭಾಷಾದಾಗ ಹೆಂಗ ಅಂತಾರ?"

ಗೊತ್ತಿರಲಿಲ್ಲ. ಬಾಯಿ ಅದನ್ನು ಕಲಿಸಿಲ್ಲ. ಗಾಡಿ ಹೊರಟಿತು. ಅವ್ವ ಸ್ವಲ್ಪ ದೂರ ಜೊತೆಗೆ ನಡೆದಳು, ಏನೋ ಹೇಳುತ್ತಿದ್ದಳು. ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ತಲೆ ಅಲ್ಲಾಡಿಸಿದೆ, ಎಲ್ಲಾ ತಿಳಿಯಿತು ಎಂಬ ಹಾಗೆ.

ಘಟಪ್ರಭಾ ದಾಟಿತು. ಮೋಡ, ಕಬ್ಬು, ಮತ್ತೆ ಮೋಡ. ಅಣ್ಣ ಡಬ್ಬಿಗಳನ್ನು ಕಾಲ ನಡುವೆ ಇಟ್ಟುಕೊಂಡು ಕೂತಿದ್ದಾನೆ, ಯಾರೋ ಕದ್ದಾರು ಅನ್ನುವ ಹಾಗೆ. ಎದೆಯಲ್ಲಿ ಹೆದರಿಕೆ ಇದೆ. ಹೆದರಿಕೆಯ ಪಕ್ಕದಲ್ಲೇ ಇನ್ನೂ ಏನೋ ಇದೆ, ಅದಕ್ಕೆ ಯಾವ ಭಾಷೆಯಲ್ಲಿ ಏನಂತಾರೋ...

ಎದುರಿನ ಹೆಣ್ಣುಮಗಳು ಅಣ್ಣನನ್ನು ಕೇಳುತ್ತಿದ್ದಾಳೆ, ಎಲ್ಲಿಗೆ ಹೊಂಟೀರಿ, ಇಷ್ಟು ಸಾಮಾನು ಅಂತ. ಅಣ್ಣ ನನ್ನ ಕಡೆ ಕೈ ಮಾಡಿದ. ಆಕೆ ಈಗ ನನ್ನನ್ನು ನೋಡುತ್ತಿದ್ದಾಳೆ. ಮಡಿಲಲ್ಲಿ ಕೂಸು, ಅದೂ ನೋಡುತ್ತಿದೆ.

ಉಳಿದದ್ದು ಆಮೇಲೆ. ಮೊದಲು ಆಕೆಗೆ ನಾನೇ ಹೇಳಬೇಕು.